ಕೇವಿಯಟ್ ಬಂದಿದೆ, ಸಹಿ ಹಾಕಿ

ಚಾಮರಾಜನಗರದ ವಕೀಲರೊಬ್ಬರ ಬಳಿ ನಾನು ಜೂನಿಯರ್ ಆಗಿ ಎರಡು ವರ್ಷವಾಯಿತು. ಕೇವಿಯಟ್ ಅನ್ನುವ ಪದ ಫೈಲಿನೊಳಗೆ ಸುಮ್ಮನೆ ಕೂರುವ ಜಾತಿಯದಲ್ಲ. ತಿಂಗಳಿಗೊಮ್ಮೆಯಾದರೂ ಯಾರನ್ನಾದರೂ ರೇಗಿಸಿ ನಮ್ಮನ್ನು ನಗಿಸುತ್ತದೆ. ಲ್ಯಾಟಿನ್‌ನಲ್ಲಿ ಅದರರ್ಥ 'ಅವನು ಎಚ್ಚರದಿಂದಿರಲಿ'. ಕೋರ್ಟಿನಲ್ಲಿ, 'ಇಂಥವರು ನನ್ನ ಮೇಲೆ ಕೇಸು ತರಬಹುದು, ನನ್ನ ಮಾತು ಕೇಳದೆ ಆದೇಶ ಕೊಡಬೇಡಿ' ಎಂದು ಮೊದಲೇ ಕೊಡುವ ಅರ್ಜಿ. ಅದರ ನೋಟಿಸನ್ನು ಆ 'ಇಂಥವರಿಗೆ' ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ತಮಾಷೆಯೆಲ್ಲ ಅಲ್ಲೇ.

ಈ ಪದ ನನಗೆ ಹಿಡಿಸಲು ಮನೆಯ ಕಾರಣವೂ ಇತ್ತು. ಗುಂಡ್ಲುಪೇಟೆಯ ದೊಡ್ಡಪ್ಪ, "ಬಾಯೇ ಬರದ ಹುಡ್ಗಿಗೆ ಕೋರ್ಟ್ ಯಾಕೆ? ನಮ್ಮೂರ ಸ್ಕೂಲಲ್ಲಿ ಇಂಗ್ಲಿಷ್ ಮಿಸ್ ಕೆಲ್ಸ ಕೊಡ್ಸನ" ಎಂದು ಓಡಾಡುತ್ತಿದ್ದರು. ಅಪ್ಪ ತಮ್ಮ ಅಣ್ಣನಿಗೆ ಇಲ್ಲ ಅಂದವರಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ.

ಹರವೆಯ ಬೇಲಿ

ಹರವೆಯ ರೈತರೊಬ್ಬರು ಬೇಲಿ ಹಾಕುವ ಮುಂಚೆ ಪಕ್ಕದ ಹೊಲದವನ ಮೇಲೆ ಕೇವಿಯಟ್ ಹಾಕಿಸಿದರು. ವಾರಕ್ಕೆ ಆ ಪಕ್ಕದವನೇ ನೋಟಿಸ್ ಹಿಡಿದು ನಮ್ಮ ಆಫೀಸಿಗೆ ಬಂದ.

"ಕೇಸ್ ಹಾಕ್ಬೋದು ಅಂತ ನಂಗೆ ಹೊಳ್ದೇ ಇರ್ಲಿಲ್ಲ ಸ್ವಾಮಿ. ಇದ್ರಲ್ಲಿ ಬರ್ದವ್ರೆ. ಒಸಿ ಹಾಕ್ಕೊಡಿ."

"ನಾವು ಅವರ ಕಡೆ ವಕೀಲರಪ್ಪ" ಎಂದರು ಸೀನಿಯರ್.

"ಗೊತ್ತು ಬುಡಿ. ಐಡಿಯಾ ಕೊಟ್ಟೋರು ನೀವೇ ಅಲ್ವಾ?"

ತೇಗದ ಚೌಕಟ್ಟು

ಪೇಟೆಯ ಬಡಗಿ ಚಾಚಾ ಅಂಗಡಿ ಮುಂದೆ ಮರ ಜೋಡಿಸುತ್ತಾರೆ. ಅದಕ್ಕೆ ಕಟ್ಟಡದ ಮಾಲೀಕರು ತಡೆಯಾಜ್ಞೆ ತಂದಾರೆಂದು ಚಾಚಾ ಕೇವಿಯಟ್ ಹಾಕಿಸಿದರು. ಮುಂದಿನ ವಾರ ನೋಡಿದರೆ ಅದರ ಪ್ರತಿಗೆ ಗಾಜು, ಚೌಕಟ್ಟು ಹಾಕಿ, ಮಾಲೀಕರ ಮನೆಗೆ ಮುಖ ಮಾಡಿ ತೂಗುಹಾಕಿದ್ದಾರೆ.

"ಚಾಚಾ, ಇದು ತೊಂಬತ್ತು ದಿನ ಮಾತ್ರ" ಎಂದೆ ಮೆಲ್ಲಗೆ.

"ಕಾಗದ ತೊಂಬತ್ತು ದಿನ ಬೇಟಿ. ಫ್ರೇಮು ತೇಗದ್ದು, ಮೂವತ್ತು ವರ್ಷ ಬರ್ತದೆ."

ಕೊನೆಗೆ ನಮ್ಮ ಮನೆ

ದೊಡ್ಡಪ್ಪ ಸ್ಕೂಲಿನವರೊಂದಿಗೆ ಮಾತಾಡಿಯೇ ಬಿಟ್ಟರು. ಭಾನುವಾರ ಬಂದು ಅಪ್ಪನಿಂದ ಹೂಂ ಅನ್ನಿಸಿದರೆ ಮುಗಿಯಿತು. ಮನೆಯವರೆದುರು ನಿಂತು ವಾದಿಸಲು ನನಗೆ ಬಾಯಿ ಬರುವುದಿಲ್ಲ, ಬರೆಯಲು ಕೈ ಬರುತ್ತದೆ. 'ಮಾನ್ಯ ಅಪ್ಪನವರ ನ್ಯಾಯಾಲಯದಲ್ಲಿ' ಎಂದು ಶುರುಮಾಡಿ ನಿಯಮದಂತೆ ಕೇವಿಯಟ್ ಬರೆದು ಅಪ್ಪನ ಕೈಗಿತ್ತೆ. ನೋಟಿಸು ಗುಂಡ್ಲುಪೇಟೆಗೆ ರಿಜಿಸ್ಟರ್ ಆಯಿತು.

ಭಾನುವಾರ ದೊಡ್ಡಪ್ಪ ಅದನ್ನೇ ಆಡಿಸುತ್ತ ಬಂದರು. "ಏನ್ಲಾ ಇದು? ಮನೆ ಮಗ್ಳು ದೊಡ್ಡಪ್ಪನ್ಗೆ ನೋಟಿಸ್ ಕಳ್ಸದಾ?"

ಅಪ್ಪ ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು. "ಕೇಳ್ದೆ ತೀರ್ಮಾನ ಮಾಡಂಗಿಲ್ಲ ಅಂತ ಬರ್ದವ್ಳಲ್ಲಣ್ಣ. ಹೇಳವ್ವ ನೀನು."

ನೆಲ ನೋಡಿಕೊಂಡೇ ಹೇಳಿದೆ: "ನಾನು ಕೋರ್ಟ್ ಬಿಡಲ್ಲ."

"ಅಷ್ಟೇಯಾ?" ಎಂದರು ದೊಡ್ಡಪ್ಪ.

"ಅಷ್ಟೇ. ವಾದ ಮುಗೀತು."

ಅಪ್ಪ ಕನ್ನಡಕ ತೆಗೆದರು. "ಹಂಗಾದ್ರೆ ಬುಡಣ್ಣ." ಅಣ್ಣನಿಗೆ ಅವರು ಎದುರಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ದೊಡ್ಡಪ್ಪ ಸೋಲುವವರಲ್ಲ. "ನಿನ್ ಮೇಲೂ ಒಬ್ರವ್ರೆ ಕಣ್ಲಾ. ಅವ್ವನ್ತಾವ್ಕೆ ಓಯ್ತೀನಿ" ಎಂದು ಸೀದಾ ಅಡುಗೆಮನೆಗೆ ನುಗ್ಗಿದರು.

ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, ಸೊಂಟದ ಎಲೆಯಡಿಕೆ ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದಳು.

"ಇಲ್ಲೂ ಒಂದ್ ಹಾಕವ್ಳೆ ಕಣ್ಲಾ. ನಂಗೆ ಓದಕ್ ಬರಲ್ಲ, ನೀನೇ ಜೋರಾಗಿ ಓದೇಳು."