ಇಗರ್ಜಿಯ ಸೊಟ್ಟ ಗೋಡೆ

ನಿವೃತ್ತನಾದ ಕನ್ನಡ ಮಾಸ್ತರನಿಗೆ ಊರಿನಲ್ಲಿ ಬಿಡುವೆಂಬುದು ಇರುವುದಿಲ್ಲ. ಬಂಟ್ವಾಳ, ಅಳದಂಗಡಿ, ಮೂಡುಬಿದಿರೆ ಎಂದು ಊರೂರು ಸುತ್ತಿ ಪಾಠ ಮಾಡಿ, ಕೊನೆಗೆ ಮನೆಯ ಜಗಲಿಯಲ್ಲಿ ಕೂತು ಪೇಪರು ಓದೋಣವೆಂದುಕೊಂಡವನಿಗೆ ಮೊದಲು ಬಂದದ್ದು ಮದುವೆಯ ಆಮಂತ್ರಣ ತಿದ್ದುವ ಕೆಲಸ. ಆಮೇಲೆ ಕಬಡ್ಡಿ ಪಂದ್ಯಾಟದ ಬ್ಯಾನರ್, ಹಾಲಿನ ಸೊಸೈಟಿಯ ವರದಿ, ಮತ್ತೆ ಸನ್ಮಾನಪತ್ರಗಳು. ನೆರೆಮನೆಯವರಿಗೆ ಒಂದು ಲೋಟ ಮಜ್ಜಿಗೆ ಕೊಡದವರನ್ನೂ ನಾನು ‘ಕಲಿಯುಗದ ಕರ್ಣ’ ಎಂದು ಬರೆದದ್ದುಂಟು. ಅದರಿಂದ ಯಾರಿಗೂ ನಷ್ಟವಿಲ್ಲ. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ಅದನ್ನು ಓದುವವರಿಲ್ಲ. ಆದರೆ ಇತಿಹಾಸ ಬರೆಯಬೇಕೆಂದು ಮಾತ್ರ ನನ್ನನ್ನು ಯಾರೂ ಕೇಳಿರಲಿಲ್ಲ. ಹೋದ ವರ್ಷ ಅದೂ ಆಯಿತು.

ನಮ್ಮ ಗದ್ದೆ ದಾಟಿ ಗುಡ್ಡ ಹತ್ತಿದರೆ ಒಂದು ಸಣ್ಣ ಇಗರ್ಜಿ ಇದೆ. ಅದರ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಗಿ, ಅಲ್ಲಿನ ಫಾದರ್ ಒಂದು ಬೆಳಿಗ್ಗೆ ಮನೆಗೆ ಬಂದರು. ಜೊತೆಗೆ ಉತ್ಸವ ಸಮಿತಿಯ ಕಾರ್ಯದರ್ಶಿ ಸ್ಟ್ಯಾನಿ. ಇವನು ನನ್ನ ಹಳೆಯ ವಿದ್ಯಾರ್ಥಿ, ಗಲ್ಫಿನಲ್ಲಿ ಬಹಳ ಕಾಲ ಕಟ್ಟಡಗಳ ಮೇಲ್ವಿಚಾರಕನಾಗಿದ್ದು ಈಚೆಗೆ ಊರಿಗೆ ಮರಳಿದವನು. “ಇಗರ್ಜಿಯ ಇತಿಹಾಸ ನೀವೇ ಬರೆದು ಕೊಡ್ಬೇಕು ಮಾಸ್ಟ್ರೇ,” ಎಂದರು ಫಾದರ್.

“ನಾನು ನಿಮ್ಮ ಇಗರ್ಜಿಯವನೇ ಅಲ್ಲವಲ್ಲ?”

“ಅದಕ್ಕೇ ಬಂದದ್ದು. ನಮ್ಮವರು ಯಾರು ಬರೆದರೂ ಮೊದಲನೇ ಕಲ್ಲು ಹೊತ್ತದ್ದು ಅವರವರ ಅಜ್ಜನೇ ಅಂತ ಆಗ್ತದೆ. ನಿಮಗೆ ಅಲ್ಲಿ ಅಜ್ಜ ಇಲ್ಲ.”

ನನ್ನ ಪಾಂಡಿತ್ಯಕ್ಕೆ ಮನಸೋತು ಬಂದರೆಂದು ಒಂದು ಕ್ಷಣ ಉಬ್ಬಿದ್ದೆ. ಬೇಕಾಗಿದ್ದದ್ದು ಅಜ್ಜನಿಲ್ಲದ ಮನುಷ್ಯ. ಆದರೂ ಒಪ್ಪಿಕೊಂಡೆ. ಮನೆಮನೆಗೆ ಹೋಗಿ ಹಿರಿಯರನ್ನು ಮಾತಾಡಿಸಿದೆ. ಎಲ್ಲ ಮನೆಯಲ್ಲೂ ಚಹಾ, ಎಲ್ಲ ಮನೆಯಲ್ಲೂ ಬಾಳೆಹಣ್ಣಿನ ಪೋಡಿ, ಎಲ್ಲ ಮನೆಯಲ್ಲೂ ಮೊದಲನೇ ಕಲ್ಲು ಹೊತ್ತ ಅಜ್ಜ. ಅವರ ಮಾತನ್ನೆಲ್ಲ ನಂಬಿದರೆ ನಮ್ಮ ಇಗರ್ಜಿಯಲ್ಲಿ ಎರಡನೆಯ ಕಲ್ಲೇ ಇಲ್ಲ. ನನ್ನ ಹೆಂಡತಿಯಂತೂ, “ಇತಿಹಾಸ ಎಷ್ಟು ಪುಟ ಆಯ್ತೋ ಗೊತ್ತಿಲ್ಲ, ನಿಮಗೆ ಗ್ಯಾಸ್ ಮಾತ್ರ ಜಾಸ್ತಿ ಆಯ್ತು,” ಎಂದಳು. ಕೊನೆಗೆ ಬೇಸತ್ತು, ವಾದ ಮಾಡುವವರಿಲ್ಲದ ಜಾಗವೆಂದು ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಹೋಗಿ ಕೂರತೊಡಗಿದೆ.

ಸುತ್ತಲೂ ಮುರಕಲ್ಲಿನ ಗೋಡೆ. ಮೂರು ಕಡೆ ನೆಟ್ಟಗಿರುವ ಆ ಗೋಡೆ ಪಡುವಣ ಮೂಲೆಗೆ ಬರುತ್ತಲೇ ಹೊರಕ್ಕೆ ಉಬ್ಬಿ, ಮದುವೆ ಊಟ ಮಾಡಿದವನ ಹೊಟ್ಟೆಯ ಹಾಗೆ ಕಾಣುತ್ತಿತ್ತು. ಸ್ಟ್ಯಾನಿಗೆ ಈ ಹೊಟ್ಟೆಯನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನು ಕೆಡವಿ ಗೋಡೆಯನ್ನು ನೇರ ಮಾಡಿ, ಹೊರಗೆ ಉಳಿಯುವ ಜಾಗಕ್ಕೆ ಇಂಟರ್‌ಲಾಕ್ ಹಾಕಿ ಕಾರು ನಿಲ್ಲಿಸುವಂತೆ ಮಾಡಬೇಕೆಂಬುದು ಅವನ ಯೋಜನೆ. “ಒಂದು ನೂಲು ಹಿಡಿದಿದ್ರೆ ಸಾಕಿತ್ತು ಸರ್. ಆಗಿನವರಿಗೆ ನೂಲೂ ಸಿಗ್ತಿರಲಿಲ್ವಾ?” ಎಂದು ಕೇಳಿದ್ದ. ಜೆಸಿಬಿಗೂ ಹೇಳಿಯಾಗಿತ್ತು; ಸಮಿತಿಯ ಒಪ್ಪಿಗೆಯೊಂದೇ ಬಾಕಿ.

ಒಂದು ಸಂಜೆ ಕಾರ್ಮಿನ್ ಬಾಯಮ್ಮ ಗಂಡನ ಸಮಾಧಿಯ ಬಳಿ ಹುಲ್ಲು ಕೀಳುತ್ತಿದ್ದರು. ಎಂಬತ್ತು ದಾಟಿದ ಜೀವ. ಅವರ ಗಂಡ ಇನಾಸ, ಮರ್ಯಾದೆಯಿಂದ ಹೇಳುವುದಾದರೆ ಇನಾಸ ಪೊರ್ಬುಗಳು, ಕಲ್ಲು ಕಟ್ಟುವ ಮೇಸ್ತ್ರಿಯಾಗಿದ್ದವರು. ನಮ್ಮ ಬಾವಿಯ ಕಟ್ಟೆ ಅವರದೇ ಕೈಕೆಲಸ, ಇಂದಿಗೂ ಒಂದು ಕಲ್ಲು ಆಚೀಚೆ ಆಗಿಲ್ಲ. ಆದರೂ ಊರಿನಲ್ಲಿ ಅವರನ್ನು ಯಾಕೋ ‘ಸೊಟ್ಟ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಮಾತಿಗೆ ಮಾತೆಂದು ಕೇಳಿದೆ: “ಬಾಯಮ್ಮ, ಈ ಗೋಡೆ ಕಟ್ಟಿದವರು ಯಾರು?”

“ನಮ್ಮವರೇ,” ಎಂದರು ಬಾಯಮ್ಮ. ಕೈಯಲ್ಲಿದ್ದ ಹುಲ್ಲನ್ನು ಬದಿಗಿಟ್ಟು, ತುಳುವಿನಲ್ಲಿ ಮೆಲ್ಲಗೆ ಹೇಳತೊಡಗಿದರು. ನನ್ನ ಕನ್ನಡದಲ್ಲಿ ಅದು ಹೀಗೆ:

“ನನ್ನ ಮೊದಲಿನ ಮಗು ಹುಟ್ಟುವಾಗಲೇ ಹೋಯ್ತು. ಹೆಣ್ಣು. ಜ್ಞಾನಸ್ನಾನ ಕೊಡ್ಲಿಕ್ಕೆ ಉಸಿರು ಬೇಕಲ್ಲ, ಉಸಿರೇ ಇರಲಿಲ್ಲ. ಆ ಕಾಲದಲ್ಲಿ ಜ್ಞಾನಸ್ನಾನ ಆಗದ ಮಕ್ಕಳಿಗೆ ಸ್ಮಶಾನದ ಒಳಗೆ ಜಾಗ ಇಲ್ಲ ಮಾಸ್ಟ್ರೇ. ಗೋಡೆಯ ಹೊರಗೆ ಇಟ್ಟು ಬಂದರು. ಹಾಗೆ ಇಟ್ಟ ಮಕ್ಕಳು ಬೇರೆಯೂ ಇದ್ದವು. ಆಮೇಲೆ ಒಂದು ಮಳೆಗಾಲ ಈ ಮೂಲೆಯ ಗೋಡೆ ಬಿತ್ತು. ಕಟ್ಟುವ ಕೆಲಸ ನಮ್ಮವರಿಗೆ ಬಂತು. ‘ಮಕ್ಕಳನ್ನು ಒಳಗೆ ತರುವ ಹಾಗಿಲ್ಲ, ಆದ್ರೆ ಗೋಡೆಯನ್ನು ಹೊರಗೆ ತಗೊಂಡು ಹೋಗ್ಬಹುದಲ್ಲ’ ಅಂತ ನನ್ನ ಹತ್ರ ಮಾತ್ರ ಹೇಳಿದ್ರು. ಅಲ್ಲಿದ್ದವರನ್ನೆಲ್ಲ ಒಳಗೆ ಹಾಕಿಕೊಂಡು ಕಟ್ಟಿಬಿಟ್ರು.”

“ಆಗಿನ ಫಾದರ್ ಏನೂ ಹೇಳಲಿಲ್ಲವೇ?”

“ಬಂದು ನೋಡಿದ್ರು. ‘ಇನಾಸ, ಗೋಡೆ ಸೊಟ್ಟ ಆಯ್ತಲ್ಲ?’ ಅಂದ್ರು. ‘ಹೌದು ಫಾದರ್, ಕೈ ತಪ್ಪಿತು’ ಅಂದ್ರು ಇವರು. ಫಾದರ್ ಹೊಸದಾಗಿ ಒಳಗೆ ಸೇರಿದ ನೆಲವನ್ನು ಒಮ್ಮೆ ಸುತ್ತಿ ಬಂದ್ರು. ಮರುದಿನ ಪೂಜೆ ಮುಗಿಸಿ ಪವಿತ್ರ ಜಲ ತಂದು ಹೊಸ ಗೋಡೆಯ ಉದ್ದಕ್ಕೂ ಚಿಮುಕಿಸಿ ಹೋದ್ರು. ಅವರೂ ಏನೂ ಕೇಳಲಿಲ್ಲ, ಇವರೂ ಏನೂ ಹೇಳಲಿಲ್ಲ. ಊರಿನವರು ಮಾತ್ರ ‘ಸೊಟ್ಟ ಮೇಸ್ತ್ರಿ’ ಅಂತ ಹೆಸರಿಟ್ರು. ಎಷ್ಟೋ ಕೆಲಸ ಕೈತಪ್ಪಿತು. ಸಾಯುವವರೆಗೆ ಆ ಹೆಸರು ಹೋಗ್ಲಿಲ್ಲ, ಇವರೂ ಬೇಡ ಅನ್ಲಿಲ್ಲ.”

ಬಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, “ಈಗ ಅದರ ಮೇಲೆ ಕಾರು ನಿಲ್ಲಿಸ್ತಾರಂತೆ. ನೀವು ಹೇಗಾದರೂ ತಪ್ಪಿಸಿ ಮಾಸ್ಟ್ರೇ. ಕಾರಣ ಮಾತ್ರ ಹೇಳ್ಬೇಡಿ. ನಮ್ಮವರು ಇಗರ್ಜಿಯ ಕೆಲಸದಲ್ಲಿ ಕಳ್ಳತನ ಮಾಡಿದ್ರು ಅಂತ ಆಗುವುದು ಬೇಡ,” ಎಂದರು.

ಕಾರಣ ಹೇಳದೆ ಒಂದು ಗೋಡೆಯನ್ನು ಉಳಿಸುವುದು ಹೇಗೆ? ಯೋಚಿಸಿದೆ. ನನಗೆ ಬರುವುದೇ ಒಂದು ವಿದ್ಯೆ, ಸನ್ಮಾನಪತ್ರ ಬರೆಯುವುದು. ಮನುಷ್ಯರಿಗೆ ಬರೆದದ್ದನ್ನು ಗೋಡೆಗೆ ಬರೆದರಾಯಿತು ಎಂದು ಕೂತೆ. ‘ಅರ್ಧಚಂದ್ರಾಕೃತಿಯ ಸಮಾಧಿ ಆವರಣ: ಕರಾವಳಿಯ ಅಪರೂಪದ ವಾಸ್ತುಶೈಲಿ’ ಎಂಬ ಅಧ್ಯಾಯವೇ ಸಿದ್ಧವಾಯಿತು. ಅದರಲ್ಲಿ ಗಾಳಿಯ ಒತ್ತಡ, ಮಣ್ಣಿನ ಗುಣ, ಸಂಧ್ಯಾಕಾಲದ ಬೆಳಕು ಎಲ್ಲವೂ ಬಂದವು. ಅಚ್ಚಾದದ್ದನ್ನು ಸುಳ್ಳೆನ್ನಲು ಜನ ಅಂಜುತ್ತಾರೆಂದು ಮೂಡುಬಿದಿರೆಯ ಪ್ರೆಸ್ಸಿಗೆ ಮೊದಲೇ ಕೊಟ್ಟು, ಕರಡು ಪ್ರತಿಯನ್ನು ಹಿಡಿದುಕೊಂಡೇ ಸಮಿತಿಯ ಸಭೆಗೆ ಹೋದೆ.

ಭಾನುವಾರದ ಪೂಜೆಯ ನಂತರ ಇಗರ್ಜಿಯೊಳಗೇ ಸಭೆ, ಪೂಜೆಗೆ ಬಂದವರೂ ಕೂತಿದ್ದರು. ನಾನು ಗಂಭೀರವಾಗಿ ಓದಿ ಮುಗಿಸಿದೆ. ಸ್ಟ್ಯಾನಿ ವಿನಯದಿಂದಲೇ ಎದ್ದು ನಿಂತ.

“ಸರ್, ಇಂಥ ಗೋಡೆ ಬೇರೆ ಎಲ್ಲಿ ಉಂಟು?”

“ಎಲ್ಲಿಯೂ ಇಲ್ಲ. ಅದಕ್ಕೇ ಅಪರೂಪ.”

“ಒಂದೇ ಇರುವುದಾದರೆ ಅದನ್ನು ಶೈಲಿ ಅನ್ನುವುದು ಹೇಗೆ ಸರ್?”

ತರಗತಿಯಲ್ಲಿ ಪ್ರಶ್ನೆ ಕೇಳಬೇಕೆಂದು ಇವನಿಗೆ ಕಲಿಸಿದ ಪಾಪಿ ನಾನೇ. ಕನ್ನಡಕ ತೆಗೆದು ಒರೆಸತೊಡಗಿದೆ. ಫಾದರ್ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಸ್ಟ್ಯಾನಿ ನಗುತ್ತಾ, “ಶೈಲಿಯೂ ಇಲ್ಲ, ಎಂತದೂ ಇಲ್ಲ ಸರ್. ಸೊಟ್ಟ ಮೇಸ್ತ್ರಿಗೆ ಕೆಲಸ ಗೊತ್ತಿರಲಿಲ್ಲ, ಅಷ್ಟೇ,” ಎಂದ. ಎಲ್ಲರೂ ನಕ್ಕರು.

ಹೆಂಗಸರ ಬೆಂಚಿನಿಂದ ಕಾರ್ಮಿನ್ ಬಾಯಮ್ಮ ಎದ್ದು ನಿಂತರು. “ಅವರಿಗೆ ಕೆಲಸ ಗೊತ್ತಿತ್ತು,” ಎಂದರು. ಮಾತು ಕೊಂಕಣಿಯಲ್ಲಿತ್ತು, ನನಗೆ ಅದು ಅರ್ಧಂಬರ್ಧ. ಆದರೆ ಅಂದು ಒಂದು ಪದವೂ ತಪ್ಪಲಿಲ್ಲ. ಯಾರಲ್ಲೂ ಹೇಳಬೇಡಿ ಎಂದಿದ್ದ ಅದೇ ಬಾಯಮ್ಮ, ಗಂಡನ ಕೈಕೆಲಸದ ಮೇಲೆ ಬಂದ ಒಂದು ಮಾತನ್ನು ತಾಳಲಾರದೆ, ಇಡೀ ಊರಿನ ಎದುರಿನಲ್ಲಿ ಎಲ್ಲವನ್ನೂ ಹೇಳಿದರು.

ಅವರು ಕೂತರು. ಆಮೇಲೆ ಪಕ್ಕದಲ್ಲೇ ಕೂತಿದ್ದ ಜುಲಿಯಾನ ಬಾಯಮ್ಮ, ಸ್ಟ್ಯಾನಿಯ ತಾಯಿ, ಕೂತಲ್ಲಿಂದಲೇ ಹೇಳಿದರು: “ನನ್ನದೂ ಉಂಟು ಅಲ್ಲಿ. ಗಂಡು. ನಿನಗಿಂತ ದೊಡ್ಡವ, ಸ್ಟ್ಯಾನಿ.” ಹಿಂದಿನಿಂದ ಇನ್ನೊಬ್ಬರು, “ನಮ್ಮ ಅತ್ತೆಯದ್ದೂ,” ಎಂದರು.

ಸ್ಟ್ಯಾನಿ ಗೋಡೆ ಅಳೆಯಲೆಂದು ತಂದಿದ್ದ ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. “ಅಮ್ಮ, ನನಗೆ ನೀನು ಹೇಳಲೇ ಇಲ್ಲವಲ್ಲ?”

“ಹೇಗೆ ಹೇಳುವುದು ಮಗಾ? ಒಳಗೆ ಇದ್ದಾನಲ್ಲ, ಸಾಕು ಅಂತ ಇದ್ದೆ.”

ಜೆಸಿಬಿ ಬರಲಿಲ್ಲ. “ಆ ನಿಯಮ ಈಗ ಇಲ್ಲ ಬಾಯಮ್ಮ. ನಿಮ್ಮವರು ನಮಗಿಂತ ಮೊದಲೇ ಅದನ್ನು ತಿಳಿದಿದ್ರು,” ಎಂದು ಫಾದರ್ ಹೇಳಿದಾಗ ಕಾರ್ಮಿನ್ ಬಾಯಮ್ಮ ಮೊದಲ ಬಾರಿಗೆ ಅತ್ತರು. ಆ ವಾರವೇ ಸ್ಟ್ಯಾನಿ ಸಿಮೆಂಟು, ಕರಣೆ ಹಿಡಿದುಕೊಂಡು ತಾನೇ ಬಂದು, ಸಡಿಲವಾದ ಕಲ್ಲುಗಳನ್ನು ಇದ್ದ ಬಾಗಿನಲ್ಲೇ ಮತ್ತೆ ಕೂರಿಸಿದ. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಆ ಮೂಲೆಯಲ್ಲಿ ಮೊದಲ ಸಲ ಮೇಣದ ಬತ್ತಿ ಉರಿಯಿತು. ಯಾವ ಮಗು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಹೆಂಗಸರು ಗೋಡೆಯ ಬುಡಕ್ಕೆ ಉದ್ದಕ್ಕೂ ಹಚ್ಚುತ್ತಾ ಹೋದರು.

ಉಳಿದದ್ದು ನನ್ನ ಅಧ್ಯಾಯ. ಅದನ್ನು ಸಂಚಿಕೆಯಿಂದ ತೆಗೆಸಿ ನಿಜವನ್ನು ಬರೆಯುತ್ತೇನೆಂದು ಕಾರ್ಮಿನ್ ಬಾಯಮ್ಮನ ಮನೆಗೆ ಹೋದೆ. ಅವರು ಬೇಡವೆಂದರು. “ಜಾಹೀರಾತುಗಳ ನಡುವೆ ನನ್ನ ಮಗು ಯಾಕೆ? ಇಲ್ಲಿಯವರಿಗೆ ಗೊತ್ತುಂಟು. ಹೊರಗಿನವರಿಗೆ ನೀವು ಬರೆದದ್ದೇ ಸಾಕು, ಅದೂ ಚೆಂದ ಉಂಟು, ಅರ್ಥ ಆಗುವುದಿಲ್ಲ ಅಷ್ಟೆ. ನಿಜ ಬರೀಲೇಬೇಕಾದ್ರೆ ಊರಿನ ಹೆಸರು ಹಾಕದೆ ಬೇರೆಲ್ಲಿಯಾದರೂ ಬರೀರಿ.” ಹಾಗೆಂದೇ ಇಲ್ಲಿ ಊರಿನ ಹೆಸರಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಸಂಚಿಕೆ ಹೊರಬಂತು. ಎಲ್ಲರೂ ತಮ್ಮ ತಮ್ಮ ಕುಟುಂಬದ ಫೋಟೋ ನೋಡಿ ಮುಚ್ಚಿಟ್ಟರು, ಒಬ್ಬರನ್ನು ಬಿಟ್ಟು. ಮೊನ್ನೆ ಕಾಲೇಜೊಂದರ ಇತಿಹಾಸದ ಅಧ್ಯಾಪಕರು ವ್ಯಾನು ತುಂಬ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು, ಅರ್ಧಚಂದ್ರಾಕೃತಿಯ ಶೈಲಿಯನ್ನು ನೋಡಬೇಕೆಂದರು. ನಾನು ಜಾರಿಕೊಳ್ಳುವುದರೊಳಗೆ ಸ್ಟ್ಯಾನಿ ಮುಖದಲ್ಲಿ ಒಂದು ಗೆರೆಯನ್ನೂ ಕದಲಿಸದೆ, “ನಮ್ಮ ಸರ್ ವಿವರಿಸ್ತಾರೆ. ಈ ಶೈಲಿಯ ಬಗ್ಗೆ ಗೊತ್ತಿರುವವರು ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ,” ಎಂದ. ಮಕ್ಕಳು ಪೆನ್ನು ತೆಗೆದರು. ನಾನು ಗಂಟಲು ಸರಿಮಾಡಿಕೊಂಡು ಗಾಳಿಯ ಒತ್ತಡದಿಂದ ಸುರುಮಾಡಿದೆ.