ಮಾರ್ಕ್ಸ್ ಇಳಿಸಿ ಮೇಡಂ

ಚಪ್ಪಲಿ ಅಂಗಡಿಯ ಯಜಮಾನರು ಆ ಬೆಳಿಗ್ಗೆ ಒಂದೇ ಕೆನ್ನೆ ಬೋಳಿಸಿಕೊಂಡು ಬೀದಿಗೆ ಓಡಿದ್ದಕ್ಕೆ ಕಾರಣ ಪಕ್ಕದಂಗಡಿಯ ಕ್ಷೌರಿಕನ ನಾಲಿಗೆ. ಅದು ಅವನ ಕತ್ತಿಗಿಂತ ಚುರುಕು.

"ಮಗಳ ಯೂನಿವರ್ಸಿಟಿ ಅರ್ಜಿ ಇವತ್ತೇ ಶಾಲೆಯಿಂದ ಹೋಗ್ಬೇಕಲ್ವಾ ಸ್ವಾಮಿ? ಗಣಿತದಲ್ಲಿ ಎಷ್ಟು?"

"ಒಂಬತ್ತನೇ ಕ್ಲಾಸಿಂದ ಮೂರು ವರ್ಷಾನೂ ಎಂಬತ್ತೆರಡು!" ಎಂದರು ಯಜಮಾನರು, ನೊರೆಯೊಳಗಿಂದಲೇ ಬೀಗುತ್ತಾ.

ಕ್ಷೌರಿಕನ ಕೈ ನಿಂತಿತು. "ಕೆಟ್ಟಿತಲ್ಲ! ನನ್ನ ಭಾವಮೈದ ಆ ಯೂನಿವರ್ಸಿಟೀಲೇ ಕಾರು ಓಡಿಸೋದು. ಅಲ್ಲಿ ಬರೀ ಮಾರ್ಕ್ಸ್ ನೋಡಲ್ವಂತೆ. ವರ್ಷವರ್ಷಕ್ಕೂ ಏರಿದ್ರೆ ಸೀಟು. ಇದ್ದಲ್ಲೇ ಇದ್ರೆ ಕಷ್ಟ. ಇಳಿದ್ರಂತೂ ಕಸದ ಬುಟ್ಟಿ."

ಯಜಮಾನರು ಕುರ್ಚಿಯಲ್ಲಿ ನೆಟ್ಟಗಾದರು. ಮಗಳು ಆ ಯೂನಿವರ್ಸಿಟಿಯ ಚಿತ್ರವನ್ನು ದಿಂಬಿನ ಪಕ್ಕದ ಗೋಡೆಗೆ ಅಂಟಿಸಿಕೊಂಡು ಮಲಗುವವಳು. ತನಗೆ ತಿಳುವಳಿಕೆ ಸಾಲದೆ ಅವಳ ಆಸೆ ಮಣ್ಣುಪಾಲಾಗಬಾರದು. ಮಾರ್ಕ್ಸ್ ಏರಿಸಿ ಎಂದರೆ ಶಾಲೆಯವರು ಅಟ್ಟುತ್ತಾರೆ. ಆದರೆ ಮೊದಲ ವರ್ಷದ್ದು ಇಳಿದರೂ ಆಮೇಲಿನದು ಏರಿದಂತೆಯೇ ಕಾಣುತ್ತದಲ್ಲ! ಇಳಿಸಿ ಎಂದರೆ ಯಾರು ಬೇಡವೆನ್ನುತ್ತಾರೆ? ಅವರು ಎದ್ದು ನೇರ ಶಾಲೆಗೇ ಓಡಿದರು.

"ಮೇಡಂ, ಮಗಳ ಒಂಬತ್ತನೇ ಕ್ಲಾಸಿನ ಗಣಿತ ಒಂಚೂರು ಇಳಿಸಿಕೊಡಿ. ಒಂದು ಹತ್ತು ಸಾಕು."

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು, ಅರ್ಧ ನೊರೆಯ ಮುಖವನ್ನು ನೋಡಿದರು. "ಇಳಿಸೋದಾ?"

"ನ್ಯಾಯವಾಗೇ ಇಳಿಸಿ. ಹುಡುಕಿದ್ರೆ ಒಂದಾದ್ರೂ ತಪ್ಪು ಸಿಗಲ್ವಾ?"

"ಮಾರ್ಕ್ಸ್ ಸರಿಯಿಲ್ಲ ಅಂತ ಯಾರೇ ಹೇಳಿದ್ರೂ ಉತ್ತರಪತ್ರಿಕೆ ಮತ್ತೆ ತಿದ್ದಿಸೋದು ನಮ್ಮ ನಿಯಮ. ಆಮೇಲೆ ಬಂದಷ್ಟೇ. ತಕರಾರು ಮಾಡಬಾರದು."

"ಮಾಡೋದೇ ಇಲ್ಲ! ಕತ್ತರಿ ಮೇಷ್ಟ್ರ ಕೈಗೇ ಕೊಡಿ."

ಮಾರ್ಕ್ಸ್ ಕತ್ತರಿಸುವುದರಲ್ಲೇ ಆ ಹೆಸರು ಗಳಿಸಿದ್ದ ಗಣಿತದ ಮೇಷ್ಟ್ರು ಪತ್ರಿಕೆ ಹಿಡಿದು ಒಳಗೆ ಹೋದರು. ಯಜಮಾನರು ಹೊರಗಿನ ಬೆಂಚಿನಿಂದ ಅಲ್ಲಾಡಲಿಲ್ಲ. ಮಕ್ಕಳು ಕಿಸಕ್ಕೆಂದವು. ನೊರೆ ಒಣಗಿ ಕೆನ್ನೆ ಬಿಗಿಯಿತು. ಇಳಿಸದೆ ಏಳುವವರಲ್ಲ ಅವರು.

ಮಧ್ಯಾಹ್ನ ಮೇಷ್ಟ್ರು ತಲೆತಗ್ಗಿಸಿಕೊಂಡು ಬಂದರು. "ಕ್ಷಮಿಸಿ ಯಜಮಾನ್ರೇ, ಕೊನೇ ಹಾಳೆ ತಿದ್ದೋದನ್ನೇ ಮರೆತಿದ್ದೆ. ಅದರಲ್ಲಿ ಎಲ್ಲಾ ಲೆಕ್ಕಾನೂ ಸರಿ. ಈಗ ತೊಂಬತ್ತೊಂದು!"

"ಅಯ್ಯೋ, ಹಳೇದೇ ಇರಲಿ ಬಿಡಿ ಮೇಷ್ಟ್ರೇ..."

"ಎಲ್ಲಾದ್ರೂ ಉಂಟಾ? ಮೇಡಂ ಆಗಲೇ ಯೂನಿವರ್ಸಿಟಿಗೆ ಕಳಿಸಿಯೂ ಆಯ್ತು."

ತೊಂಬತ್ತೊಂದು, ಎಂಬತ್ತೆರಡು, ಎಂಬತ್ತೆರಡು. ಜಾರುಬಂಡೆ! ಮನೆ ಬಾಗಿಲಲ್ಲಿ ಮಗಳು ಓಡಿಬಂದು ತಬ್ಬಿಕೊಂಡಳು. "ಅಪ್ಪಾ, ಮಾರ್ಕ್ಸ್ ಏರಿಸ್ಕೊಂಡು ಬಂದ್ರಂತೆ! ನಿಮ್ಮಂಥ ಅಪ್ಪ ಯಾರಿಗಿದಾರೆ?" ಪಾಪ, ಆ ಮನುಷ್ಯನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಸಂಜೆ ಅವರು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತರು.

"ಏನ್ ಸ್ವಾಮಿ, ಏರಿತಾ?" ಎಂದ ಕ್ಷೌರಿಕ.

"ಏರಿತು."

"ಯಾವ ವರ್ಷದ್ದು?"

ಯಜಮಾನರು ಉಳಿದ ಕೆನ್ನೆಯನ್ನು ಅವನತ್ತ ತಿರುಗಿಸಿದರು. "ಬಾಯಿ ಮುಚ್ಕೊಂಡು ಬೋಳಿಸು."