ಮಿಶ್ರಿಕೋಟಿಯ ಅಧಿಕೃತ ಅಪರಿಚಿತ

೧೯೯೮ನೇ ಇಸವಿ ಜೂನ್ ಹದಿನೈದು, ಸೋಮವಾರ, ಹಾಜರಿ ಮುಗಿದು ಮಗ್ಗಿ ಶುರುವಾಗುವ ಮುಂಚೆ ಇನಾಯತ್ ಐದನೇ ಇಯತ್ತೆಯ ಕಿಟಕಿ ದಾಟಿ ಊರು ಬಿಟ್ಟ. ಶಾಲೆಯ ದಾಖಲೆ ಪ್ರಕಾರ ಆ ದಿನ ಅವನು ಹಾಜರಿದ್ದಾನೆ.

ಲಾರಿ, ಐಸ್‌ಕ್ಯಾಂಡಿ, ಸರ್ಕಸ್ಸು ಎಂದು ದೇಶ ತಿರುಗಿ, ಈ ವರ್ಷ ತನ್ನೂರಾದ ಮಿಶ್ರಿಕೋಟಿಗೆ ಬಂದಿಳಿದದ್ದು ಟೀವಿಯವರ ವ್ಯಾನಿನಲ್ಲಿ, ಹಗ್ಗ ಹಿಡಿದು ಜನರನ್ನು ತಡೆಯುವ ಹುದ್ದೆಯ ಮೇಲೆ. ಗೂಢಚಾರನ ಹೊಸ ಧಾರಾವಾಹಿ. ನಾಯಕನಟ ತೇಜಕಾಂತ್ ಬಸ್‌ಸ್ಟ್ಯಾಂಡಿನಿಂದ ಚಾದಂಗಡಿಯವರೆಗೆ ಯಾರ ಗಮನಕ್ಕೂ ಬಾರದೆ ನಡೆಯಬೇಕು. ನಲವತ್ತು ಹೆಜ್ಜೆ.

ಹತ್ತನೇ ಹೆಜ್ಜೆಗೆ ಕಟ್ಟೆಯ ಮೇಲಿನ ಕುಬೇರಪ್ಪ ತಡೆದ. “ಯಾರ ಮನಿಗೆ ಬಂದೀರಿ?”

“ನಾನು ಗೂಢಚಾರ.”

“ಅದು ಆತ್ರಿ. ಯಾರ ಪೈಕಿ?”

ಎರಡನೇ ಸಲ ಪಕ್ಕದ ಮನೆಯ ಮಲ್ಲಕ್ಕ ಬಂದವನಿಗೆಂದು ನೀರು, ಬೆಲ್ಲ ತಂದಳು. ನಿರ್ದೇಶಕರು ಕೈಮುಗಿದು ಬೇಡಿಕೊಂಡ ಮೇಲೆ ಮೂರನೇ ಸಲ ಊರವರೆಲ್ಲ ಎದ್ದು ನಿಂತು, “ನಾವೇನೂ ಕೇಳಂಗಿಲ್ರಿ, ಆರಾಮ ಹೋಗ್ರಿ” ಅಂದರು.

ಗೊಂದಲ ತಪ್ಪಿಸಲು ಪಂಚಾಯ್ತಿ ಕಾರ್ಯದರ್ಶಿ ಶಿದ್ಲಿಂಗಪ್ಪ, ನಾಯಕನಟನಿಗೆ ತುರ್ತಾಗಿ ವಾಸಸ್ಥಳ ಪ್ರಮಾಣಪತ್ರ ಮಂಜೂರು ಮಾಡಿದರು. ಅಂದಿನಿಂದ ಯಾರೂ ಅವನನ್ನು ಯಾರ ಪೈಕಿ ಎಂದು ಕೇಳಲಿಲ್ಲ. ಊಟ ಆಯಿತೇ ಎಂದು ಕೇಳಿದರು. ಗಟಾರ ಉಸ್ತುವಾರಿ ಸಮಿತಿಗೂ ಸೇರಿಸಿಕೊಂಡರು.

ಹದಿನೇಳನೇ ಸಲ ಸೋತು ಎಲ್ಲರೂ ಕುಳಿತಾಗ, ಇನಾಯತ್ ನಟನ ಕೋಟು ಹೆಗಲಿಗೇರಿಸಿ ಅದೇ ನಲವತ್ತು ಹೆಜ್ಜೆ ನಡೆದು ಚಾ ಕುಡಿದ. ಒಬ್ಬರೂ ತಲೆ ಎತ್ತಲಿಲ್ಲ.

“ಅವನನ್ನು ಯಾಕೆ ಕೇಳಲಿಲ್ಲ?” ಅಂದರು ನಿರ್ದೇಶಕರು.

“ಅಂವಾ ಇನಾಯತ್ರಿ,” ಅಂದ ಕುಬೇರಪ್ಪ. “ಹೊಂಟಾನಂದ್ರ ಹೊಂಟಾನ. ಏನ ಕೇಳೂದು?”

ನಟನ ಬದಲು ಇನಾಯತನೇ ನಡೆಯಲಿ ಎಂದರು ನಿರ್ದೇಶಕರು. ಹಗ್ಗದ ಕೆಲಸ ಅಂದೇ ಮುಗಿಯುವುದಿತ್ತು. ಗೂಢಚಾರನ ನಡಿಗೆ ಸಿಕ್ಕರೆ ಚಿತ್ರೀಕರಣದ ಜೊತೆ ಇನ್ನೂ ಐವತ್ತೆರಡು ಊರು. ಇನಾಯತನ ಪಾದಗಳು ಆಗಲೇ ತುರಿಸತೊಡಗಿದವು. ಆದರೆ ಪಂಚಾಯ್ತಿಯ ಅನುಮತಿ ಪತ್ರದಲ್ಲಿ, ‘ಅಪರಿಚಿತನ ಪಾತ್ರವನ್ನು ಅಪರಿಚಿತನೇ ನಿರ್ವಹಿಸತಕ್ಕದ್ದು’ ಎಂದಿತ್ತು. ನಾಯಕನಟ ಈಗ ಊರವನಾದ್ದರಿಂದ ಅನರ್ಹ. ಇನಾಯತ್ ಹುಟ್ಟಿನಿಂದಲೇ ಅನರ್ಹ.

ಶಿದ್ಲಿಂಗಪ್ಪ ದಾರಿ ತೋರಿಸಿದರು: ಸಂಜೆ ಐದು ಗಂಟೆಯೊಳಗೆ ಪಡೆಯಬೇಕಾದ ಅಪರಿಚಿತ ಪ್ರಮಾಣಪತ್ರ. ‘ಅರ್ಜಿದಾರನನ್ನು ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಬಲ್ಲ ಇಬ್ಬರು, ತಮಗೆ ಅವನ ಪರಿಚಯವಿಲ್ಲವೆಂದು ಖುದ್ದು ದೃಢೀಕರಿಸತಕ್ಕದ್ದು.’

ಧಾರಾವಾಹಿಯಲ್ಲಿ ತನ್ನ ಟ್ರ್ಯಾಕ್ಟರು ಎರಡು ಸಲ ಕಾಣಬೇಕೆಂಬ ಷರತ್ತಿನ ಮೇಲೆ ಕುಬೇರಪ್ಪ ಸಹಿ ಹಾಕಿದ. ಎರಡನೆಯ ಸಾಕ್ಷಿ, ಇನಾಯತನನ್ನು ಸಾಕಿದ ಚಿಕ್ಕಮ್ಮ ರಜಿಯಾಬಿ, ಪೆನ್ನು ಮುಟ್ಟಲಿಲ್ಲ.

“ಇಂವಗ ದಡಾರ ಬಂದಾಗ ಒಂಬತ್ತ ದಿನಾ ಬಾಜೂಕ ಕುಂತಾಕಿ ನಾನು. ಗುರುತಿಲ್ಲಂತ ಹೆಂಗ ಬರೀಲಿ?”

“ಅದಕ್ಕ ನಿಮ್ಮ ಸಹಿಗೆ ಬೆಲಿರಿ,” ಅಂದರು ಶಿದ್ಲಿಂಗಪ್ಪ. “ಗೊತ್ತಿಲ್ಲದವ್ರು ಗೊತ್ತಿಲ್ಲ ಅಂದ್ರ ಕಾಯ್ದೆ ನಂಬಂಗಿಲ್ಲ.”

ಗಡಿಯಾರ ಐದಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು.

“ಸಹಿ ಮಾಡಲಿಲ್ಲಂದ್ರ ಇಲ್ಲೇ ಇರತಿ ಏನ್ಲೇ?” ಅಂದಳು ರಜಿಯಾಬಿ.

“ಇಲ್ಲ ಖಾಲಾ. ಎಲ್ಲೆರ ಹೊಕ್ಕೀನಿ.”

“ಮಾಡಿದ್ರ ಟೀವಿಯಾಗ ಕಾಣತಿ?”

“ಮಾರಿ ಕಾಣಂಗಿಲ್ಲ. ಬೆನ್ನು ಅಷ್ಟ.”

“ನಿನ್ನ ಬೆನ್ನು ಎಲ್ಲಿದ್ರೂ ಗುರುತ ಹಿಡೀತೀನಿ ಬಿಡು,” ಎಂದು ಅವಳು, ಈತ ತನಗೆ ಗೊತ್ತೇ ಇಲ್ಲವೆಂದು ಸಹಿ ಹಾಕಿದಳು.

ನಡಿಗೆ ಒಂದೇ ಸಲಕ್ಕೆ ಮುಗಿಯಿತು. ಮಾರನೆಯ ದಿನ ಪಂಚಾಯ್ತಿ ಮುಂದೆ ಅಪರಿಚಿತರಾಗಲು ನೂರಾ ಹನ್ನೊಂದು ಅರ್ಜಿ ಬಂದವು, ಅಧ್ಯಕ್ಷರದು ಮೊದಲನೆಯದು. ನಾಯಕನಟ ಗಟಾರದ ಸಭೆಯಲ್ಲಿದ್ದ.

ಪ್ರಮಾಣಪತ್ರದ ಹಿಂಬದಿಯ ನಿಯಮದಂತೆ ಅಪರಿಚಿತನು ಇಪ್ಪತ್ನಾಲ್ಕು ತಾಸಿಗಿಂತ ಹೆಚ್ಚು ಊರಲ್ಲಿರುವಂತಿಲ್ಲ. ಇನಾಯತ್ ಎರಡು ಅಂಗಿ ಮಡಚಿ ಚೀಲಕ್ಕೆ ಹಾಕಿದ. ರಜಿಯಾಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ ಅದರ ಮೇಲಿಟ್ಟಳು. ನಿರ್ಗಮನ ಪರಿಶೀಲನೆಗೆ ಬಂದಿದ್ದ ಶಿದ್ಲಿಂಗಪ್ಪ ಆಕ್ಷೇಪಿಸಿದರು.

“ಗುರುತಿಲ್ಲದವ್ರಿಗೆ ಡಬ್ಬಿ ಕೊಡೂದು ಹೆಂಗ್ರಿ?”

“ಗುರುತಿದ್ದವ್ರಿಗೆ ಕೊಟ್ಟಿದ್ದು ಒಂದೂ ತಿರುಗಿ ಬಂದಿಲ್ರಿ.”

ಶಿದ್ಲಿಂಗಪ್ಪ ಯೋಚಿಸಿ, ಕಾರಣ ಸಮಂಜಸವಾಗಿದೆಯೆಂದು ನಮೂದಿಸಿದರು. ಇನಾಯತ್ ಚೀಲದ ಬಾಯಿ ಕಟ್ಟಿದ.